ಬ್ಯಾಡ್ಜಿಗೆ ತಗುಲಿದ ಕಿರಣ ನನ್ನ ಹೆಸರಿಗೆ

ವಿಕಿರಣ ಕೆಲಸಗಾರರ ದಾಖಲೆ ಕಾಯುವ ಮಾನ್ಯರೇ,

ನಿಮ್ಮ ದಾಖಲೆಯ ಪ್ರಕಾರ ನಾನು ಮಿತಿ ಮೀರಿ ವಿಕಿರಣ ತಾಗಿಸಿಕೊಂಡ ಮನುಷ್ಯ. ಅದು ಸುಳ್ಳು. ಕಿರಣ ತಗುಲಿದ್ದು ನನ್ನ ಬ್ಯಾಡ್ಜಿಗೆ. ಆ ಹೊತ್ತಿನಲ್ಲಿ ನಾನು ಸೊಲ್ಲಾಪುರದಲ್ಲಿ ಬಸುರಿ ಮಗಳ ಕುಬಸದ, ಅಂದರೆ ಸೀಮಂತದ, ಪಂಕ್ತಿಗೆ ಹೋಳಿಗೆ ಬಡಿಸುತ್ತಿದ್ದೆ. ಇದನ್ನು ಹೇಳಲು ನಿಮ್ಮ ಕಚೇರಿಗೆ ಹೋದೆ, ಅರ್ಜಿ ಬರೆದೆ, ಮತ್ತೆ ಹೋದೆ. ನೀವು ಒಬ್ಬರೇ ಓದಬೇಕಾದದ್ದನ್ನು ನೀವು ಓದಲಿಲ್ಲವಾದ್ದರಿಂದ, ಈಗ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಾನು ಜೋಗೇಶ್ವರಿಯ ಒಂದು ಸಣ್ಣ ಕಂಪನಿಯಲ್ಲಿ ರೇಡಿಯೋಗ್ರಫಿ ಕೆಲಸಗಾರ. ಡಾಕ್ಟರರು ಮೂಳೆಯ ಎಕ್ಸ್‌ರೇ ತೆಗೆಯುವಂತೆ ನಾವು ಕಬ್ಬಿಣದ ಕೊಳವೆಗಳ ಬೆಸುಗೆಯ ಚಿತ್ರ ತೆಗೆಯುತ್ತೇವೆ, ಒಳಗೆ ಬಿರುಕಿದ್ದರೆ ತಿಳಿಯಲೆಂದು. ನಮ್ಮ ಯಂತ್ರಕ್ಕೆ ಕ್ಯಾಮೆರಾ ಎನ್ನುತ್ತೇವೆ. ಭಾರವಾದ ಲೋಹದ ಪೆಟ್ಟಿಗೆ, ಅದರ ಹೊಟ್ಟೆಯಲ್ಲಿ ಕಿರಣ ಸೂಸುವ ಒಂದು ಸಣ್ಣ ಚೂರು. ಪೆಟ್ಟಿಗೆ ಮುಚ್ಚಿದ್ದಾಗಲೂ ಅದಕ್ಕೆ ಮೈತಾಗಿಸಿ ಬಹಳ ಹೊತ್ತು ಇರಬಾರದು. ಈ ಕಿರಣ ಕಣ್ಣಿಗೆ ಕಾಣದು, ಮೂಗಿಗೆ ಬಾರದು, ಮೈಗೆ ಬೆಚ್ಚಗೂ ಅನಿಸದು. ಆದ್ದರಿಂದ ನಮ್ಮ ಎದೆಯ ಮೇಲೆ ಒಂದು ಬ್ಯಾಡ್ಜು. ತಗುಲಿದ್ದನ್ನೆಲ್ಲ ಅದು ನೆನಪಿಟ್ಟುಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಅದನ್ನು ಪ್ರಯೋಗಾಲಯಕ್ಕೆ ಕಳಿಸಿ ಓದಿಸುತ್ತಾರೆ. ಓದಿದ ಅಂಕಿ ನಿಮ್ಮ ದಾಖಲೆಯಲ್ಲಿ ನಮ್ಮ ಹೆಸರಿನ ಮುಂದೆ ಬದುಕಿರುವವರೆಗೂ ಉಳಿಯುತ್ತದೆ. ಒಳ್ಳೆಯ ವ್ಯವಸ್ಥೆ. ಅದನ್ನು ಬೈಯಲು ನಾನು ಕೂತಿಲ್ಲ. ಕುರುಡನ ಕೈಯ ಕೋಲಿನಂತೆ ಅದು ನಮಗೆ ಬೇಕು. ಆದರೆ ಕೋಲು ಯಾರ ಕೈಯಲ್ಲಿತ್ತು ಎಂದು ಕೇಳುವವರೊಬ್ಬರು ಬೇಡವೇ?

ನಮ್ಮ ಇಂಡಿ ತಾಲ್ಲೂಕಿನ ಕಡೆ ಮುದುಕಿಯರು ಹೇಳುವ ಕಥೆಗಳಲ್ಲಿ ರಾಕ್ಷಸನ ಪ್ರಾಣ ಅವನ ಮೈಯಲ್ಲಿ ಇರುವುದಿಲ್ಲ, ದೂರದ ಪಂಜರದ ಗಿಳಿಯಲ್ಲಿ ಇರುತ್ತದೆ. ಅಲ್ಲಿ ಗಿಳಿಯ ಕಾಲು ಮುರಿದರೆ ಇಲ್ಲಿ ರಾಕ್ಷಸ ಕುಂಟುತ್ತಾನೆ. ಚಿಕ್ಕಂದಿನಲ್ಲಿ ಇದನ್ನು ನಂಬಿದ್ದೆ, ಮೀಸೆ ಬಂದ ಮೇಲೆ ಬಿಟ್ಟೆ. ನಿಮ್ಮ ಕಚೇರಿ ಮತ್ತೆ ನಂಬಿಸಿತು. ನನ್ನ ಪ್ರಾಣ ಎರಡು ಬೆರಳಗಲದ ಪ್ಲಾಸ್ಟಿಕ್ಕಿನಲ್ಲಿ ಇದೆ ಎಂದು ನನಗೆ ತಿಳಿದದ್ದು ನಿಮ್ಮ ಪತ್ರದಿಂದಲೇ.

ನಡೆದದ್ದು ಇಷ್ಟು. ಕಳೆದ ದಸರೆಗೆ ನಾನು ರಜೆ ಹಾಕಿ ಸೊಲ್ಲಾಪುರಕ್ಕೆ ಹೋದೆ. ಹೋಗುವಾಗ ಬ್ಯಾಡ್ಜನ್ನು ನಿಯಮದಂತೆ ಕಂಪನಿಯ ಗೋಡೆಯ ಹಲಗೆಯಲ್ಲಿ ನನ್ನ ಮೊಳೆಗೆ ತೂಗುಹಾಕಿದೆ. ಇತ್ತ ಕಂಪನಿಯಲ್ಲಿ ಆಯುಧ ಪೂಜೆ. ಈ ಊರಿನಲ್ಲಿ ಲೇತ್ ಯಂತ್ರಕ್ಕೂ ರಿಕ್ಷಾಕ್ಕೂ ಪೂಜೆಯಾಗುತ್ತದೆ, ನಮ್ಮ ಕ್ಯಾಮೆರಾಕ್ಕೂ ಆಗುತ್ತದೆ. ಕಸಗುಡಿಸುವ ರುಕ್ಮಿಣಿಬಾಯಿ ನಮ್ಮ ಕಡೆಯ ಹೆಂಗಸು, ಹೂವಿನ ಕೆಲಸ ಪ್ರತಿವರ್ಷ ಅವಳದೇ. ಸುರಕ್ಷತಾ ಅಧಿಕಾರಿಗಳು ಕ್ಯಾಮೆರಾ ಇಡುವ ಕೋಣೆಯ ಕೀಲಿಯನ್ನು ಅವಳ ಕೈಗೇ ಕೊಟ್ಟು, ಬೇಗ ಹೂ ಏರಿಸಿ ಬಾ ಎಂದರು. ಅವಳು ಚೆಂಡು ಹೂವಿನ ಮಾಲೆ ಹಾಕಿದಳು, ಕುಂಕುಮ ಇಟ್ಟಳು. ಆಮೇಲೆ ಹಲಗೆಯ ಮೇಲಿನ ನನ್ನ ಬ್ಯಾಡ್ಜು ಕಣ್ಣಿಗೆ ಬಿತ್ತು. ಅದನ್ನು ತಂದು ಕ್ಯಾಮೆರಾದ ಮೇಲೆ, ಮಾಲೆಯ ಕೆಳಗೆ, ಭಕ್ತಿಯಿಂದ ಸಿಕ್ಕಿಸಿದಳು. ಕೋಣೆಗೆ ಬೀಗ ಬಿತ್ತು. ಕಂಪನಿಗೆ ಹಬ್ಬದ ರಜೆ. ರಜೆ ಮುಗಿಯುವವರೆಗೂ ನನ್ನ ಬ್ಯಾಡ್ಜು ಕ್ಯಾಮೆರಾವನ್ನು ತಬ್ಬಿಕೊಂಡು ಮಲಗಿತ್ತು. ಬಾಗಿಲು ತೆರೆದ ದಿನ ಅವಳು ಬಾಡಿದ ಹೂ ತೆಗೆದು, ಬ್ಯಾಡ್ಜಿನ ಕುಂಕುಮ ಸೆರಗಿನಿಂದ ಒರೆಸಿ, ಮತ್ತೆ ನನ್ನ ಮೊಳೆಗೆ ಹಾಕಿದಳು. ನಾನು ಊರಿನಿಂದ ಬಂದು ಅದನ್ನೇ ಸಿಕ್ಕಿಸಿಕೊಂಡು ಕೆಲಸಕ್ಕೆ ಹೋದೆ.

ಇದೆಲ್ಲ ನನಗೆ ತಿಳಿದದ್ದು ನಿಮ್ಮ ಪತ್ರ ಬಂದ ಮೇಲೆ, ರುಕ್ಮಿಣಿಬಾಯಿಯ ಬಾಯಿಂದಲೇ. ಪತ್ರ ಇಂಗ್ಲಿಷಿನಲ್ಲಿತ್ತು. ನಾವಿರುವ ಸಾಲುಮನೆಗಳ ಚಾಳಿನ ಶ್ರೇಯಾ ಕಾಲೇಜಿಗೆ ಹೋಗುವ ಹುಡುಗಿ, ಅವಳ ತಂದೆ ಮಾಟುಂಗದ ಹೋಟೆಲಿನಲ್ಲಿ ಕೆಲಸಕ್ಕಿದ್ದಾರೆ. ಓದಿ ಹೇಳಮ್ಮ ಎಂದು ಅವಳ ಕೈಗೆ ಕೊಟ್ಟೆ. ವರಾಂಡದಲ್ಲಿ ಎಲ್ಲರೂ ಇದ್ದರು. ಏಕೆಂದರೆ ಭಾನುವಾರ ಸಂಜೆ ನಾನು ಅಲ್ಲಿ ಕಥೆ ಹೇಳುವುದು ವಾಡಿಕೆ. ಮಕ್ಕಳು ಮುಂದೆ, ಹೆಂಗಸರು ಹಿಂದೆ, ಹಿಂದಿಯವರೂ ಮರಾಠಿಯವರೂ ತಿಳಿದಷ್ಟು ಕೇಳಿಕೊಂಡು ಕೂರುವರು.

ಶ್ರೇಯಾ ತಡವರಿಸಿ ಓದಿದಳು. "ಅಂಕಲ್, ಇದರಲ್ಲಿ ಲಿಖಾ ಹೈ... ನಿಮಗೆ ರೇಡಿಯೇಶನ್ ಬಹುತ್ ಜಾಸ್ತಿ ಆಗಿದೆ ಅಂತ."

ಮಾನ್ಯರೇ, ನನ್ನ ಯಾವ ಕಥೆಗೂ ಜನ ಅಷ್ಟು ಬೇಗ ಎದ್ದು ಒಳಗೆ ಹೋಗಿರಲಿಲ್ಲ.

ಅಂದಿನಿಂದ ನನ್ನ ವರಾಂಡ ಬಹಳ ವಿಶಾಲವಾಗಿದೆ. ಮುಂಬಯಿಯಲ್ಲಿ ಕೈಚಾಚುವಷ್ಟು ಜಾಗಕ್ಕೆ ಜನ ಹೊಡೆದಾಡುತ್ತಾರೆ, ನನಗೆ ಅದು ಪುಕ್ಕಟೆ ಸಿಕ್ಕಿದೆ. ನಲ್ಲಿಗೆ ಹೋದರೆ ಸರದಿಯಲ್ಲಿದ್ದವರು ಕೊಡ ಎತ್ತಿಕೊಂಡು ಹಿಂದೆ ಸರಿದು, ನೀವೇ ಮೊದಲು ಹಿಡಿಯಿರಿ ಎನ್ನುತ್ತಾರೆ. ಎಂಥ ಮರ್ಯಾದೆ! ನಾನು ತುಂಬಿಸಿಕೊಂಡು ಬಂದ ಮೇಲೆ ನಲ್ಲಿಯ ತಿರುಪಿಗೆ ನೀರು ಸುರಿದು ತೊಳೆಯುತ್ತಾರೆ. ಯಾರೂ ಕೆಟ್ಟವರಲ್ಲ. ನನ್ನನ್ನು ಬೈದವರೂ ಇಲ್ಲ. ದೂರದಿಂದ ಹೇಗಿದ್ದೀರಿ ಎಂದು ಕೇಳುತ್ತಾರೆ, ಉತ್ತರ ಉದ್ದವಾಗುವ ಮೊದಲೇ ಒಳಗೆ ಕುಕ್ಕರು ಕೂಗಿತು ಎನ್ನುತ್ತಾರೆ. ಕಿರಣ ತಗುಲಿದ ಮನುಷ್ಯನಿಂದ ಇನ್ನೊಬ್ಬರಿಗೆ ಕಿರಣ ಹರಡುವುದಿಲ್ಲ ಎಂದು ನಾನು ಹೇಳಿ ನೋಡಿದೆ. ಬಿಸಿಲಿನಲ್ಲಿ ನಿಂತವನು ಸೂರ್ಯನಾಗುತ್ತಾನೆಯೇ ಎಂದು ಕೇಳಿದೆ. ತಲೆಯಾಡಿಸಿದರು, ಮಕ್ಕಳನ್ನು ಒಳಗೆ ಕರೆದರು. ಅವರನ್ನು ಏನೆನ್ನಲಿ? ನಾನು ಕಥೆ ಹೇಳುವವನು, ನೀವು ಸರಕಾರಿ ಮೊಹರು ಹಾಕುವವರು.

ಮೊಹರಿನ ಸುದ್ದಿ ಸೊಲ್ಲಾಪುರಕ್ಕೂ ಮುಟ್ಟಿತು. ಮಗಳಿಗೆ ಹೆಣ್ಣುಮಗು ಹುಟ್ಟಿದೆ. ಬಾಣಂತನಕ್ಕೆ ಹೋದ ನನ್ನ ಹೆಂಡತಿ ಮಹಾದೇವಿ ಅಲ್ಲೇ ಉಳಿದಿದ್ದಾಳೆ. ತೊಟ್ಟಿಲ ಕಾರ್ಯಕ್ಕೆ ನಾನು ಚೀಲ ಕಟ್ಟಿಕೊಂಡಿದ್ದೆ. ಅಳಿಯಂದಿರು ಫೋನು ಮಾಡಿ, ಬೇಸರ ಮಾಡಿಕೊಳ್ಳಬೇಡಿ ಮಾವ, ಮಗು ಎಳೆಯದು, ದಾಖಲೆ ಸರಿಯಾದ ಮೇಲೆ ಬನ್ನಿ ಎಂದು ಬಹಳ ವಿನಯದಿಂದ ಹೇಳಿದರು. ಚೀಲ ಬಿಚ್ಚಿದೆ. ಮಹಾದೇವಿ ಆಮೇಲೆ ಮೆಲ್ಲಗೆ ಮಾತಾಡಿದಳು.

"ಓದಿದ ಅಳ್ಯಾ, ಜಗಳ ಹ್ಯಾಂಗ ಮಾಡ್ಲಿ ಹೇಳ್ರಿ? ಆ ಕಾಗದ ಒಂದು ಸರಿ ಮಾಡ್ಸರಿ. ಬಂದು ಕೂಸಿನ್ನ ಎತ್ಕೋರಿ. ನಿಮ್ಮಂಗ ಅದಕ್ಕೂ ಬಾಯಿ ಸುಮ್ನಿರೂದಿಲ್ಲ."

ಮಗು ಈಗ ಒರಗದೆ ಕೂರುತ್ತದಂತೆ. ಫೋನಿನಲ್ಲಿ ತೋರಿಸುತ್ತಾರೆ. ಪರದೆಗೆ ಬೆರಳು ಇಟ್ಟರೆ ಚಿತ್ರ ಸರಿದುಹೋಗುತ್ತದೆ.

ಇನ್ನು ವಿಚಾರಣೆಯ ಕಥೆ. ಅಂಕಿ ಮಿತಿ ಮೀರಿದಾಗ ಅದು ಮನುಷ್ಯನಿಗೆ ತಗುಲಿದ್ದೋ ಬರೀ ಬ್ಯಾಡ್ಜಿಗೆ ತಗುಲಿದ್ದೋ ಎಂದು ಕಂಪನಿಯನ್ನು ಕೇಳುವುದು ನಿಮ್ಮದೇ ಪದ್ಧತಿ. ಬಹಳ ಸರಿ. ಹಾಗಾದರೆ ನೀವು ಕೇಳಿದ್ದು ಯಾರನ್ನು? ಕೋಣೆಯ ಕೀಲಿ ಕೊಟ್ಟವರನ್ನು. ಅವರು ಉಡುಪಿ ಕಡೆಯವರು, ಒಳ್ಳೆಯ ಮಾತುಗಾರರು. ನನ್ನನ್ನು ಕರೆದು ಕುರ್ಚಿ ಕೊಟ್ಟರು, ತಾವು ಬಾಗಿಲ ಬಳಿ ನಿಂತರು.

"ನೋಡಿ ನಿಂಗಣ್ಣ, ಪೂಜೆ ವಿಷಯ ಬರೆದ್ರೆ ಲೈಸೆನ್ಸೇ ಹೋಗ್ತದೆ ಮಾರಾಯ್ರೇ. ನಿಮ್ಮೊಂದು ಅಂಕಿಗೋಸ್ಕರ ಇಡೀ ಕಂಪನಿಗೆ ಬೀಗ ಹಾಕೋದಾ?"

ನಾನು ಒಪ್ಪಲಿಲ್ಲ. ಅವರು ನನ್ನ ಒಪ್ಪಿಗೆಗೆ ಕಾಯಲೂ ಇಲ್ಲ. ಬ್ಯಾಡ್ಜು ಕೆಲಸದ ವೇಳೆ ನನ್ನ ಮೈಮೇಲೆಯೇ ಇತ್ತು ಎಂದು ಬರೆದು ಕಳಿಸಿದರು. ಕೆಲಸಗಾರನ ಹೇಳಿಕೆ ಎಂಬ ಜಾಗದಲ್ಲಿ 'ಏನೂ ಇಲ್ಲ' ಎಂದು ತುಂಬಿದರು. ಮಾನ್ಯರೇ, ಜೋಗೇಶ್ವರಿಯಲ್ಲಿ ಯಾರನ್ನಾದರೂ ಕೇಳಿ. ಹೇಳಲು ಏನೂ ಇಲ್ಲ ಎಂದು ನಿಂಗಣ್ಣ ಜೀವಮಾನದಲ್ಲಿ ಎಂದಾದರೂ ಹೇಳಿದ್ದುಂಟೇ? ಆ ಒಂದು ಉತ್ತರ ನೋಡಿಯೇ ನಿಮಗೆ ಅನುಮಾನ ಬರಬೇಕಿತ್ತು.

ನಿಮ್ಮ ಕಚೇರಿಯಲ್ಲಿ ಗಾಜಿನ ಆಚೆಗೆ ಕೂತಿದ್ದ ಸಜ್ಜನರು ನನ್ನ ರೈಲಿನ ಟಿಕೆಟ್ಟನ್ನೂ ಕುಬಸದ ಫೋಟೋವನ್ನೂ ನೋಡಿ ನಕ್ಕರು, ಮಗಳು ಲಕ್ಷಣವಾಗಿದ್ದಾಳೆ ಎಂದರು. ತಿದ್ದುವ ಕೋರಿಕೆ ಕಂಪನಿಯಿಂದ ಬರಬೇಕು ಎಂದರು. ಕಂಪನಿ ತಿದ್ದಲು ಕೋರಿದರೆ ತಾನೇ ಬರೆದ ಸುಳ್ಳನ್ನು ಒಪ್ಪಿಕೊಂಡಂತೆ. ಕಳ್ಳನೇ ಬಂದು ದೂರು ಕೊಡಲಿ ಎಂದು ಯಾವ ಪೊಲೀಸ್ ಠಾಣೆಯಾದರೂ ಹೇಳುತ್ತದೆಯೇ?

ನೀವು ಕೇಳಬಹುದು, ಜಾಸ್ತಿ ಬರೆದರೆ ನಷ್ಟವೇನು, ಕಡಿಮೆ ಬರೆದರೆ ತಾನೇ ಅಪಾಯ? ನಷ್ಟ ನನ್ನೊಬ್ಬನದೇ ಆಗಿದ್ದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದೆನೋ ಏನೋ. ಕಂಪನಿ ನನ್ನನ್ನು ಕಿರಣದ ಕೆಲಸದಿಂದ ತೆಗೆದು ಗೋದಾಮಿನಲ್ಲಿ ಕೂರಿಸಿದೆ. ಅಲ್ಲಿಗೂ ಯಾರೂ ಬರುವುದಿಲ್ಲ. ಆದರೆ ಕಿಟಕಿಯಿಂದ ನನ್ನ ಜೊತೆಗಾರರು ಕೆಲಸಕ್ಕೆ ಹೊರಡುವುದು ಕಾಣುತ್ತದೆ. ಬ್ಯಾಡ್ಜುಗಳು ಮೊಳೆಯಲ್ಲೇ ಉಳಿದಿರುತ್ತವೆ. ಹಾಕ್ಕೊಳ್ಳಿ ಎಂದು ಕೂಗಿದರೆ ದೇವಾನಂದ ಎಂಬವನು ತಿರುಗಿ ನಿಂತು ಹೇಳಿದ, "ಹಾಕ್ಕೊಂಡ ನೀ ಎಲ್ಲಿ ಕುಂತಿ ನೋಡ್ಕೋ ಕಾಕಾ." ಸುಳ್ಳು ಅಂಕಿಯನ್ನು ನೀವು ಹಾಗೇ ಬಿಟ್ಟದ್ದರ ಫಲ ಇದು. ನಾಳೆ ಇವರಲ್ಲಿ ಒಬ್ಬನಿಗೆ ನಿಜವಾಗಿ ಕಿರಣ ತಗುಲಿದರೆ ನಿಮ್ಮ ದಾಖಲೆಯಲ್ಲಿ ಅವನು ಪೂರ್ಣ ಆರೋಗ್ಯವಂತನಾಗಿ ಇರುತ್ತಾನೆ. ನನ್ನ ಹೆಸರಿನ ಮುಂದೆ ಇಲ್ಲದ ಕಿರಣ ಇದೆ, ಅವನ ಹೆಸರಿನ ಮುಂದೆ ಇರುವ ಕಿರಣ ಇರುವುದಿಲ್ಲ. ಇಂಥ ದಾಖಲೆಯನ್ನು ಕಬ್ಬಿಣದ ಕಪಾಟಿನಲ್ಲಿ ಇಟ್ಟರೇನು, ಕಂಪ್ಯೂಟರಿನಲ್ಲಿ ಇಟ್ಟರೇನು?

ರುಕ್ಮಿಣಿಬಾಯಿಯ ಹೆಸರನ್ನು ಇಲ್ಲಿ ಬರೆಯಲು ನನಗೆ ಮನಸ್ಸಿರಲಿಲ್ಲ. ಅವಳೀಗ ಆ ಕಂಪನಿ ಬಿಟ್ಟು ಇನ್ನೊಂದು ಬಿಲ್ಡಿಂಗಿನಲ್ಲಿ ಗುಡಿಸುತ್ತಾಳೆ. ಹೆಸರು ಬರೆಯಲೇ ಎಂದು ಹೋಗಿ ಕೇಳಿದೆ. ಪೊರಕೆ ಬದಿಗಿಟ್ಟು ನನ್ನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತಳು. ಅಷ್ಟು ಹತ್ತಿರ ಯಾರಾದರೂ ಕೂತು ಎಷ್ಟೋ ಕಾಲವಾಗಿತ್ತು.

"ಎಲ್ಲಾರ ಸಾಮಾನಿಗೂ ಹೂ ಏರಿಸಿದ್ನಿ ಯಣ್ಣಾ. ನೀ ಊರಾಗಿಲ್ಲ, ನಿಂದೊಂದ ಉಳೀಬಾರದು ಅಂತ ಇಟ್ನಿ. ಬರಿ, ನನ್ನ ಹೆಸರ ಬರಿ. ಕೀಲಿ ಯಾರ ಕೊಟ್ರು ಅನ್ನೂದೂ ಬರಿ."

ಬರೆದಿದ್ದೇನೆ. ಅವಳ ಮೇಲೆ ಕ್ರಮ ಕೈಗೊಂಡು ಕಡತ ಮುಚ್ಚುವ ಯೋಚನೆ ಬಂದರೆ ದಯವಿಟ್ಟು ಬಿಡಿ. ಒಳಗೆ ಏನಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವರೇ ಕೀಲಿ ಕೊಟ್ಟಿದ್ದರು.

ಆದ್ದರಿಂದ ನನ್ನ ಬೇಡಿಕೆ. ಅವಳನ್ನೂ ನನ್ನನ್ನೂ ಕರೆಸಿ, ನಮ್ಮ ಬಾಯಿಂದಲೇ ಕೇಳಿ, ನಮ್ಮ ಭಾಷೆಯಲ್ಲೇ ಬರೆದುಕೊಳ್ಳಿ. ರಕ್ತ ಪರೀಕ್ಷೆ ಬೇಕೆಂದರೆ ತೋಳು ಸಿದ್ಧವಿದೆ. ಆ ಅಂಕಿಯನ್ನು ಅಳಿಸಬೇಡಿ. ಅದರ ಪಕ್ಕದಲ್ಲಿ, ಇದು ಬ್ಯಾಡ್ಜಿಗೆ ತಗುಲಿದ್ದು, ಮನುಷ್ಯನಿಗಲ್ಲ ಎಂದು ಒಂದು ಸಾಲು ಬರೆದು ಮೊಹರು ಹಾಕಿ. ಆಮೇಲೆ ಆ ಕಾಗದವನ್ನು ಅಂಚೆಗೆ ಹಾಕಬೇಡಿ, ನೀವೇ ತನ್ನಿ. ಭಾನುವಾರ ಸಂಜೆ ಬನ್ನಿ. ಚಾಳಿನವರೆಲ್ಲ ಬಾಗಿಲಲ್ಲಿ ನಿಂತು ನೋಡುವಾಗ ನನ್ನ ವರಾಂಡದಲ್ಲಿ ನನಗೆ ಮೊಣಕೈ ತಗುಲುವಷ್ಟು ಹತ್ತಿರ ಕುಳಿತು, ನಾನು ಮಾಡಿದ ಚಹಾ ಕುಡಿಯಿರಿ. ಶ್ರೇಯಾ ಅದರ ಫೋಟೋ ತೆಗೆಯಲಿ. ನನ್ನ ಅಳಿಯಂದಿರಿಗೆ ಕಳಿಸುವುದಿದೆ.

ಇಂತಿ,
ನಿಮ್ಮ ದಾಖಲೆಯಲ್ಲಿ ಮಾತ್ರ ಅಪಾಯಕಾರಿಯಾದ,
ನಿಂಗಣ್ಣ
ಜೋಗೇಶ್ವರಿ, ಮುಂಬಯಿ