ಮಷೀನ್ ಬಿಟ್ಟು ಮನುಷ್ಯರ ಕೈಗೆ ಫೋನ್ ಕೊಡಿ

ವೃತ್ತಿಪರರ ಜಾಲತಾಣದ ಸದಸ್ಯ ಶಿಷ್ಟಾಚಾರ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನಿಮ್ಮ ತಾಣದ ಸದಸ್ಯರಾದ ಮಾರ್ಕೆಟಿಂಗ್ ಮಹಾಶಯರೊಬ್ಬರು ನನ್ನ ತಮ್ಮನ ಬಾಯಿ ಮುಚ್ಚಿಸಿದ್ದಾರೆ. ಕ್ಯಾನ್ಸರ್ ಅವನ ಧ್ವನಿಯನ್ನಷ್ಟೇ ಒಯ್ದಿತ್ತು, ಮಾತನ್ನು ಬಿಟ್ಟು ಹೋಗಿತ್ತು. ಉಳಿದದ್ದನ್ನು ನಿಮ್ಮವರು ಕಸಿದರು. ನಿಮಗೆ ದೂರು ಕೊಟ್ಟೆ. ‘ಪರಿಶೀಲಿಸಿದ್ದೇವೆ, ನಿಯಮ ಉಲ್ಲಂಘನೆ ಕಂಡುಬಂದಿಲ್ಲ’ ಎಂಬ ಉತ್ತರ ನಾನು ಗುಂಡಿಯ ಮೇಲಿಂದ ಬೆರಳು ಎತ್ತುವ ಮೊದಲೇ ಬಂತು. ಇಷ್ಟು ಚುರುಕಾಗಿ ಪರಿಶೀಲಿಸುವ ಕಣ್ಣು ನಿಮಗೆ ಯಾವ ದೇವರು ಕೊಟ್ಟನೋ! ಆದ್ದರಿಂದ ಈ ಸಲ ಊರಿಗೆಲ್ಲ ಕಾಣುವಂತೆ ಬರೆಯುತ್ತಿದ್ದೇನೆ. ಹೊಟ್ಟೆ ಉರಿದು ಬರೆಯುತ್ತಿದ್ದೇನೆ, ಸೇಡಿಗಾಗಿಯೇ ಬರೆಯುತ್ತಿದ್ದೇನೆ. ಮುಂದೆ ಓದುವುದು ಬಿಡುವುದು ನಿಮಗೆ ಬಿಟ್ಟದ್ದು.

ನಾವು ಯಾರೆಂದು ಮೊದಲು ಹೇಳಿಬಿಡುತ್ತೇನೆ. ಪರಿಚಯ ಓದುವ ಅಭ್ಯಾಸ ನಿಮ್ಮವರಿಗಿಲ್ಲ, ನಿಮಗಾದರೂ ಇರಲಿ. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮದೊಂದು ಚಿಕ್ಕ ರೆಕಾರ್ಡಿಂಗ್ ಸ್ಟುಡಿಯೋ. ಗೋಡೆಗೆಲ್ಲ ಸ್ಪಂಜು ಮೆತ್ತಿದ, ಸದ್ದಾಗುತ್ತದೆಂದು ಫ್ಯಾನೂ ಹಾಕುವಂತಿಲ್ಲದ ಕೋಣೆ. ಒಳಗೆ ಮೈಕಿನ ಮುಂದೆ ತಮ್ಮ, ಗಾಜಿನ ಈಚೆ ಅಕ್ಕ ನಾನು. ನಿಮ್ಮ ಆಫೀಸಿನ ಲಿಫ್ಟಿನಲ್ಲಿ ‘ಬಾಗಿಲು ಮುಚ್ಚುತ್ತಿದೆ’ ಎನ್ನುವವನು ಅವನೇ ಇರಬಹುದು. ನೀವು ಬ್ಯಾಂಕಿಗೆ ಫೋನ್ ಮಾಡಿ ಹಲ್ಲು ಕಡಿಯುತ್ತಿರುವಾಗ ‘ದಯವಿಟ್ಟು ಕಾಯಿರಿ’ ಎಂದು ಸಮಾಧಾನ ಹೇಳಿದವನೂ ಅವನೇ ಇರಬಹುದು. “ಬ್ಯಾಂಕಿನವ್ರೇ, ಊಟಕ್ಕೆ ಬನ್ನಿ” ಎಂದು ಮನೆಯಲ್ಲಿ ಅವನ ಹೆಂಡತಿ ಗೇಲಿ ಮಾಡುತ್ತಿದ್ದಳು.

ನಮ್ಮ ಕಸುಬಿನಲ್ಲಿ ಒಂದು ಶಿಸ್ತಿದೆ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡುವಂತಿಲ್ಲ. ಎದುರಿನವರ ವಾಕ್ಯ ಮುಗಿದ ಮೇಲೆ ಒಂದು ಉಸಿರಿನಷ್ಟು ಜಾಗ ಖಾಲಿ ಬಿಟ್ಟು ನಮ್ಮದನ್ನು ಶುರು ಮಾಡಬೇಕು. ಆ ಖಾಲಿ ಇದ್ದರೇ ಎಡಿಟಿಂಗ್ ಮಾಡುವಾಗ ಕತ್ತರಿ ಹಾಕಲು ಬರುವುದು. ತಮ್ಮನಿಗೆ ಇದು ಎಷ್ಟು ಮೈಗೂಡಿತ್ತೆಂದರೆ, ಹೆಂಡತಿಯ ಜೊತೆ ಜಗಳವಾಡುವಾಗಲೂ ಅವಳು ಮುಗಿಸುವ ತನಕ ಕಾಯುತ್ತಿದ್ದ. ಹಾಗಾಗಿ ಒಂದು ಜಗಳವನ್ನೂ ಗೆದ್ದವನಲ್ಲ.

ಹೋದ ವರ್ಷ ಡಾಕ್ಟರು ಅವನ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಅವನು ಉಸಿರಾಡುವುದು ಕುತ್ತಿಗೆಯಲ್ಲಿರುವ ಒಂದು ತೂತಿನಿಂದ. ಮಾತಿಗೆಂದು ಟಾರ್ಚಿನ ಗಾತ್ರದ ಒಂದು ಯಂತ್ರ ಕೊಟ್ಟರು. ಅದನ್ನು ಗಲ್ಲದ ಕೆಳಗೆ ಒತ್ತಿ ಹಿಡಿದು ತುಟಿ ಆಡಿಸಿದರೆ ಗುಂಯ್ ಎನ್ನುವ, ಏರಿಳಿತವೇ ಇಲ್ಲದ ಒಂದು ದನಿ ಹೊರಡುತ್ತದೆ. ಆ ದನಿ ಕೇಳಿದರೆ ಅವನಿಗೇ ಮೈ ಉರಿಯುತ್ತಿತ್ತು. ಆದರೂ ಹಲ್ಲು ಕಚ್ಚಿ ಕಲಿತ. ಕಲಿತು, ಧೈರ್ಯ ತಂದುಕೊಂಡು, ನಿಮ್ಮ ತಾಣದಲ್ಲಿ ಬರೆದ: ‘ನನ್ನ ಧ್ವನಿ ಹೋಗಿದೆ. ಕಿವಿ ನೆಟ್ಟಗಿವೆ. ಧ್ವನಿ ಎಡಿಟಿಂಗ್ ಕೆಲಸವಿದ್ದರೆ ತಿಳಿಸಿ.’ ಇದರಲ್ಲಿ ತಿಳಿಯದಂಥದ್ದು ಏನಿದೆ, ನೀವೇ ಹೇಳಿ?

ಬಂದವು ನೋಡಿ ಪರಿಚಯದ ಕೋರಿಕೆಗಳು! ಒಪ್ಪಿಕೊಂಡ ಮರುಗಳಿಗೆಗೇ ಒಬ್ಬರು ಆಫೀಸ್ ಕುರ್ಚಿ ಮಾರಲು ನಿಂತರು. ‘ನಿಮ್ಮ ಪಯಣ ಸ್ಫೂರ್ತಿದಾಯಕ’ ಎಂದು ಉಬ್ಬಿಸಿದವರು ಅದರ ಕೆಳಗೇ ವಿಮೆಯ ಕಂತು ವಿವರಿಸಿದ್ದರು. ಮತ್ತೊಬ್ಬರು ‘ಪ್ರಿಯ (ಇಲ್ಲಿ ಹೆಸರು ಹಾಕಿ) ಅವರೇ’ ಎಂದು ಅಕ್ಕರೆ ತೋರಿಸಿದ್ದರು. ಸುಮ್ಮನಿದ್ದರೆ ‘ನನ್ನ ಹಿಂದಿನ ಸಂದೇಶ ತಲುಪಿತೇ?’ ಮತ್ತೂ ಸುಮ್ಮನಿದ್ದರೆ ‘ನಿಮಗೆ ಬೆಳೆಯುವ ಮನಸ್ಸಿಲ್ಲವೇ?’ ಬೀದಿಯಲ್ಲಿ ಬುಟ್ಟಿ ಹೊತ್ತು ಮಾರುವವರು ಕೂಡ ಬಾಗಿಲು ತೆರೆದವರ ಮುಖ ನೋಡಿ ಬಾಯಿ ತೆರೆಯುತ್ತಾರೆ. ಮನೆಯಲ್ಲಿ ಕಾಯಿಲೆಯವರಿದ್ದಾರೆ ಎಂದರೆ ಕೂಗುವುದನ್ನೂ ನಿಲ್ಲಿಸಿ ಮುಂದಿನ ಮನೆಗೆ ಹೋಗುತ್ತಾರೆ. ನಿಮ್ಮವರು ಮಾತ್ರ ಬಾಗಿಲು ತೆರೆದದ್ದೇ ತಡ, ಅಡುಗೆಮನೆಗೇ ನುಗ್ಗುತ್ತಾರೆ.

ಇವರ ನಡುವೆ ಒಬ್ಬರು ಸಂಭಾವಿತರಂತೆ ಕಂಡರು. ‘ನಿಮ್ಮ ಬರಹ ಓದಿದೆ. ನಿಮ್ಮಂಥವರಿಗೆ ನಮ್ಮಲ್ಲಿ ಒಳ್ಳೆಯ ಅವಕಾಶವಿದೆ. ಸ್ವಲ್ಪ ಮಾತಾಡೋಣವೇ?’ ಓದಿದೆ ಎಂಬ ಆ ಒಂದು ಮಾತಿಗೆ ನಾವು ಮನೆಮಂದಿಯೆಲ್ಲ ಮರುಳಾದೆವು. ಓದಿಯೂ ಮಾತಾಡೋಣ ಎನ್ನುತ್ತಾರೆಂದರೆ ಎಷ್ಟು ದೊಡ್ಡ ಮನಸ್ಸಿರಬೇಕು ಎಂದುಕೊಂಡೆವು. ತಮ್ಮನ ಹೆಂಡತಿ ಕುತ್ತಿಗೆ ಮುಚ್ಚುವ ಕಾಲರಿನ ಅಂಗಿಗೆ ಇಸ್ತ್ರಿ ಹಾಕಿದಳು. ತಮ್ಮ ಒಂದೇ ವಾಕ್ಯವನ್ನು ಹಗಲೆಲ್ಲ ಅಭ್ಯಾಸ ಮಾಡಿದ. ಸ್ಟುಡಿಯೋದಲ್ಲಿ ಕೂತೆವು. ಮೈಕ್ ಇದ್ದಲ್ಲಿ ರೆಕಾರ್ಡಿಂಗ್ ಹಾಕುವುದು ನನ್ನ ಕೈಗೆ ಅಂಟಿದ ಚಾಳಿ. ಅದನ್ನೂ ಹಾಕಿದೆ. ವಿಡಿಯೋದಲ್ಲಿ ಫೋನ್ ಬಂತು. ಅವರ ಕಡೆ ಕ್ಯಾಮೆರಾ ಆರಿಸಿದ್ದರು, ನಮ್ಮ ಕಡೆ ನೋಡುತ್ತಲೂ ಇರಲಿಲ್ಲವೇನೋ.

“ಸರ್, ನಮಸ್ಕಾರ ಸರ್! ಒಂದೇ ಒಂದು ಪ್ರಶ್ನೆ ಸರ್, ನಿಮ್ಮ ದನಿಯಿಂದ ನೀವು ದುಡಿಯಬೇಕಾದಷ್ಟು ದುಡೀತಿದೀರಾ? ಇಲ್ಲ ಅಲ್ವಾ? ನಮ್ಮ ಕೋರ್ಸ್ ಸೇರ್ಕೊಳ್ಳಿ. ನಿಮ್ಮ ಗಂಟಲೇ ನಿಮ್ಮ ಬಂಡವಾಳ ಸರ್!”

ನಾನು ಫೋನ್ ಕಿತ್ತುಕೊಳ್ಳಲು ಹೋದೆ. ತಮ್ಮ ಅಡ್ಡ ಕೈ ಹಿಡಿದ. ಯಂತ್ರವನ್ನು ಗಲ್ಲದ ಕೆಳಗೆ ಒತ್ತಿಕೊಂಡು ಕಾಯುತ್ತಿದ್ದ, ಎದುರಿನವರ ವಾಕ್ಯ ಮುಗಿಯಲೆಂದು. ಮುಗಿದರೆ ತಾನೇ? ಗ್ರಾಹಕನಿಗೆ ಉಸಿರೆತ್ತಲು ಬಿಡಬಾರದೆಂದು ನಿಮ್ಮ ತಾಣದ ಮಾರಾಟ ಪಾಠಗಳಲ್ಲಿ ಅವರಿಗೆ ತರಬೇತಿ ಕೊಡುತ್ತೀರಂತೆ. ಇವನಿಗೋ ಇನ್ನೊಬ್ಬರ ಮಾತು ತುಳಿಯಬಾರದೆಂದು ತರಬೇತಿ. ಕೊನೆಗೂ ಆ ಪುಣ್ಯಾತ್ಮರು ನೀರು ಕುಡಿಯಲು ನಿಲ್ಲಿಸಿದರು. ಒಂದು ಉಸಿರಿನಷ್ಟು ಬಿಟ್ಟು ತಮ್ಮ ಹೇಳಿದ: “ನಮಸ್ಕಾರ. ಒಂದು ಕೆಲಸ ಕೊಟ್ಟು ನೋಡಿ.”

“ಹಲೋ? ಹಲೋ? ಏನ್ ಸರ್ ಇದು, ಯಾವ್ದೋ ಮಷೀನ್ ಮಾತಾಡ್ತಿದೆ! ನಮಗೇ ಮಷೀನ್ ಹಚ್ತೀರಾ?” ಎಂದು ಅವರು ನಕ್ಕರು. “ಮಷೀನ್ ಬಿಟ್ಟು ಮನುಷ್ಯರ ಕೈಗೆ ಫೋನ್ ಕೊಡಿ ಸರ್.” ಆಮೇಲೆ ತಾವೇ ಇಟ್ಟುಬಿಟ್ಟರು.

ಅಂದಿನಿಂದ ತಮ್ಮ ಆ ಯಂತ್ರವನ್ನು ಗಲ್ಲದ ಹತ್ತಿರ ತಂದಿಲ್ಲ. ಬೇಕಾದ್ದನ್ನು ಸ್ಲೇಟಿನಲ್ಲಿ ಬರೆಯುತ್ತಾನೆ. ನೀರು. ಸಾಕು. ಲೈಟ್ ಆರಿಸು. “ಅತ್ತಿಗೆ, ಜಗಳಕ್ಕೂ ಬರ್ತಿಲ್ಲ ಇವ್ರು. ನಾನೊಬ್ಳೇ ಎಷ್ಟು ಅಂತ ಕೂಗಾಡ್ಲಿ?” ಎಂದು ಅವನ ಹೆಂಡತಿ ನನ್ನ ಹೆಗಲಿಗೆ ಒರಗಿ ಅತ್ತಳು. ಡಾಕ್ಟರು ಎಚ್ಚರಿಸಿದ್ದಾರೆ, ಬಳಸದೆ ಬಿಟ್ಟರೆ ಕಲಿತದ್ದೂ ಕೈತಪ್ಪುತ್ತದೆಯಂತೆ, ಮತ್ತೆ ಮೊದಲಿನಿಂದ ಕಲಿಯುವವರು ಕಡಿಮೆಯಂತೆ. ಅದೇ ತಿಂಗಳು ನೀವು ಆ ಮಹಾಶಯರಿಗೆ ‘ಶ್ರೇಷ್ಠ ಸಂಪರ್ಕಕಾರ’ ಎಂಬ ಬಿರುದು ದಯಪಾಲಿಸಿದಿರಿ. ಅಭಿನಂದಿಸಿ ಎಂದು ತಮ್ಮನಿಗೂ ಸೂಚನೆ ಬಂತು.

ನಿಮ್ಮ ಶಿಷ್ಟಾಚಾರ ಸಂಹಿತೆಯನ್ನು ಪೂರ್ತಿ ಓದಿದೆ. ಬಹುಶಃ ಬರೆದವರ ನಂತರ ಓದಿದವಳು ನಾನೊಬ್ಬಳೇ. ಬೈಗುಳ ಕೂಡದು, ಅಶ್ಲೀಲ ಕೂಡದು ಎಂದಿದೆ. ನಿಮ್ಮವರು ಬಯ್ಯಲಿಲ್ಲ, ಒಪ್ಪಿದೆ. ಮಾತುಮಾತಿಗೂ ಸರ್ ಎಂದರು. ಸರ್ ಎನ್ನುತ್ತಲೇ ಮನುಷ್ಯನನ್ನು ಮನುಷ್ಯರ ಲೆಕ್ಕದಿಂದ ತೆಗೆದುಹಾಕಬಹುದು ಎಂಬುದು ನಿಮ್ಮ ಸಂಹಿತೆ ಬರೆದವರಿಗೆ ಹೊಳೆಯಲೇ ಇಲ್ಲವೇ? ಬರೆಯುವ ಮುಂಚೆ ಓದು, ಮಾರಲು ಬಂದಿದ್ದರೆ ಮಾರಲು ಬಂದೆ ಎಂದು ಮೊದಲೇ ಹೇಳು, ಕೇಳಿದ ಮೇಲೆ ಉತ್ತರಕ್ಕೆ ಜಾಗ ಬಿಡು, ಬೇಡ ಎಂದರೆ ಎದ್ದು ಹೋಗು. ಇಷ್ಟು ಕಲಿಸಲು ಒಂದು ವಿಭಾಗ, ಅದಕ್ಕೊಬ್ಬ ಮುಖ್ಯಸ್ಥರು ಬೇಕೇ? ಇದ್ದೂ ಕಲಿಸಲಿಲ್ಲವಾದರೆ ನೀವು ಅಲ್ಲಿ ಕೂತು ಏನು ಕಡಿದು ಕಟ್ಟೆ ಹಾಕುತ್ತಿದ್ದೀರಿ?

ಇರಲಿ, ಸೇಡಿನ ವಿಷಯಕ್ಕೆ ಬರುತ್ತೇನೆ. ಕಳೆದ ವಾರ ನಿಮ್ಮ ಜಾಹೀರಾತು ಏಜೆನ್ಸಿಯವರು ನಮ್ಮ ಸ್ಟುಡಿಯೋಗೆ ಫೋನ್ ಮಾಡಿದರು. ನಿಮ್ಮ ತಾಣದ ಹೊಸ ಜಾಹೀರಾತಿಗೆ ಒಂದು ಕನ್ನಡದ ಧ್ವನಿ ಬೇಕಂತೆ. ಆತ್ಮೀಯವಾದ, ನಂಬಿಕೆ ಹುಟ್ಟಿಸುವ ಧ್ವನಿ. ವಾಕ್ಯವೂ ತಯಾರಿತ್ತು: ‘ಇಲ್ಲಿ ಪ್ರತಿಯೊಬ್ಬರ ಮಾತಿಗೂ ಕಿವಿಯಿದೆ.’ ಆಮೇಲೆ ತಿಳಿಸುತ್ತೇನೆಂದು ಫೋನ್ ಇಟ್ಟೆ. ನಮ್ಮ ಕಸುಬಿನವರನ್ನೆಲ್ಲ ಸ್ಟುಡಿಯೋಗೆ ಕರೆದು, ಬಾಗಿಲು ಹಾಕಿ, ಆ ರೆಕಾರ್ಡಿಂಗ್ ಕೇಳಿಸಿದೆ. ತಮ್ಮನ ಒಂದು ವಾಕ್ಯ ಬಂದಾಗ ಯಾರೂ ತಲೆ ಎತ್ತಲಿಲ್ಲ. ನಿಮ್ಮವರ ನಗು ಬಂದಾಗ ಎಲ್ಲರೂ ಎತ್ತಿದರು. ಈಗ ನಮ್ಮೂರಿನ ಯಾವ ಧ್ವನಿ ಕಲಾವಿದರೂ ನಿಮಗೆ ಒಂದಕ್ಷರ ಓದಿಕೊಡುವುದಿಲ್ಲ. ಹಾಸ್ಯದ ಪಾತ್ರ ಮಾಡುವ ಒಬ್ಬರು ಮಾತ್ರ “ಅಕ್ಕಾ, ನೀವು ಹೂಂ ಅಂದ್ರೆ ನಾನು ಓದಿಕೊಡ್ತೀನಿ, ಪೂರ್ತಿ ಮೂಗಲ್ಲೇ” ಎಂದಿದ್ದಾರೆ. ಬೇಕಿದ್ದರೆ ತಿಳಿಸಿ.

ಈ ಪತ್ರದ ಕೊನೆಯಲ್ಲಿ ನಾನು ನಿಮ್ಮಿಂದ ಲಿಖಿತ ಕ್ಷಮಾಪಣೆ ಕೇಳಿದ್ದೆ. ನಿನ್ನೆ ಕರಡನ್ನು ತಮ್ಮನಿಗೆ ತೋರಿಸಿದೆ. ‘ಪಾಪ’ ಎಂದು ನಾನು ಬರೆದ ಕಡೆಯೆಲ್ಲ ಗೀಟೆಳೆದು ಹೊಡೆದುಹಾಕಿದ. ಕೊನೆಗೆ ಬಂದು ಸ್ಲೇಟು ಎಳೆದುಕೊಂಡು ಬರೆದ: ‘ಬರೆದು ಕಳಿಸೋದು ಬೇಡ. ಫೋನ್ ಮಾಡ್ಲಿ. ನಾನೇ ಎತ್ತುತ್ತೀನಿ.’

ಆದ್ದರಿಂದ ಬೇಡಿಕೆ ಬದಲಾಗಿದೆ. ನಿಮ್ಮ ಶ್ರೇಷ್ಠ ಸಂಪರ್ಕಕಾರರು ಫೋನ್ ಮಾಡಬೇಕು, ಕ್ಯಾಮೆರಾ ಹಾಕಿಕೊಂಡು. ಪಕ್ಕದ ಕುರ್ಚಿಯಲ್ಲಿ ನೀವೂ ಇರಬೇಕು. ತಮ್ಮ ಮಾತಾಡುವಾಗ ಇಬ್ಬರೂ ತುಟಿ ಬಿಚ್ಚಕೂಡದು, ಅವನು ಸಾಕು ಎನ್ನುವ ತನಕ ಫೋನ್ ಇಡಕೂಡದು. ಅವನು ಏನು ಹೇಳುತ್ತಾನೋ ನನಗೂ ಗೊತ್ತಿಲ್ಲ. ಬೇಗ ಮಾಡಿ. ಇವತ್ತು ಬೆಳಿಗ್ಗೆಯೇ ಅವನು ಯಂತ್ರವನ್ನು ಚಾರ್ಜಿಗೆ ಹಾಕಿ, ಅದರ ಎದುರು ಕೂತಿದ್ದಾನೆ.

ಇಂತಿ,
ನಿಮ್ಮ ತಾಣ ಬಿಟ್ಟು ಹೊರಹೋಗುವ ಗುಂಡಿ ಎಲ್ಲಿದೆಯೆಂದು ಇನ್ನೂ ಹುಡುಕುತ್ತಿರುವ
ಒಬ್ಬ ಅಕ್ಕ