ಚೆನ್ನಾಗಿದ್ದೀನಿ, ತಾವು?

ಗ್ಯೋರ್ಲಿಟ್ಸ್
ನವೆಂಬರ್ ೧೪, ೨೦೧೭

ಪ್ರೀತಿಯ ರೋಸ್ವಿತಾ,

ನಿನ್ನ ಎರಡೂ ಕಾಗದಗಳು ಬಂದವು. ಉತ್ತರ ಬರೆಯದ್ದಕ್ಕೆ, ನಿನ್ನ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಬಾರದೇ ಹೋದದ್ದಕ್ಕೆ ಬೇಕಾದರೆ ಬೈದುಕೋ, ಮುನಿಯಬೇಡ. ಈಗಲೂ ಎಕ್‌ಹಾರ್ಟ್ ಊಟವಾಗಿ ತೂಕಡಿಸುತ್ತಿರುವ ಸಂದಿನಲ್ಲಿ ಕದ್ದು ಬರೆಯುತ್ತಿದ್ದೇನೆ.

ಅವನ ಮರೆವಿನ ವಿಷಯ ನಿನಗೆ ಗೊತ್ತಿದ್ದದ್ದೇ. ಅದೀಗ ಮನೆಯನ್ನೆಲ್ಲ ನುಂಗಿದೆ. ಬೂಟುಗಳನ್ನು ಒಲೆಯೊಳಗೆ ಇಡುತ್ತಾನೆ. ಎಂದೋ ಮಾರಿದ ಪತ್ರಿಕೆ ಅಂಗಡಿಯ ಬಾಗಿಲು ತೆಗೆಯಬೇಕೆಂದು ಹೊರಡುತ್ತಾನೆ. ಹೋದ ಚಳಿಗಾಲದಲ್ಲಿ ಒಳಅಂಗಿಯಲ್ಲೇ ಸೇತುವೆಯವರೆಗೆ ಹೋಗಿಬಿಟ್ಟಿದ್ದ. ಅಂದಿನಿಂದ ಒಳಗಿನಿಂದ ಬೀಗ ಹಾಕುತ್ತೇನೆ. ಬೀಗದ ಈಚೆ ಅವನೊಬ್ಬನೇ ಇಲ್ಲವಲ್ಲ, ರೋಸ್ವಿತಾ.

ಆದರೆ ಕುಶಲ ಕೇಳಿದವರಿಗೆ ಉತ್ತರ ಕೊಡುವುದನ್ನು ಮಾತ್ರ ಮರೆತಿಲ್ಲ. ಜೀವನವಿಡೀ ಗಿರಾಕಿಗಳ ಮುಂದೆ ನಿಂತ ಬಾಯಿ ಅದು. ಯಾರಾದರೂ “ಗೂಟನ್ ಮೊರ್ಗನ್” ಎಂದು ಬೆಳಗಿನ ವಂದನೆ ಹೇಳಿದರೆ ಸಾಕು, ಬೆನ್ನು ನೆಟ್ಟಗಾಗುತ್ತದೆ. ಹೇಗಿದ್ದೀರಿ ಎಂದರೆ, “ದಾಂಕೆ, ಗೂಟ್! ಚೆನ್ನಾಗಿದ್ದೀನಿ. ತಾವು?” ಮೇಲಿನ ಮನೆಯ ಪೀಟ್ಶ್ ಮೆಟ್ಟಿಲಲ್ಲಿ ನನ್ನನ್ನು ತಡೆದು ನಿಲ್ಲಿಸಿದಳು. “ನಿಮ್ಮೆಜಮಾನ್ರು ಬಂಗಾರದಂಥೋರು ಕಣ್ರೀ. ಕೂಡಿಹಾಕೋಕೆ ನಿಮ್ಗೆ ಮನಸ್ಸಾದ್ರೂ ಹೇಗೆ ಬರುತ್ತೆ?” ಮಗಳು ಸಿಲ್ಕೆ ಹ್ಯಾಂಬರ್ಗಿನಿಂದ ಫೋನು ಮಾಡಿ ಅಪ್ಪನ ಜೊತೆ ಎರಡು ಮಾತಾಡುತ್ತಾಳೆ, ಆಮೇಲೆ ನನಗೆ ಹೇಳುತ್ತಾಳೆ: “ಅಮ್ಮಾ, ಅಪ್ಪ ಸರಿಯಾಗೇ ಇದಾರಲ್ಲ. ನೀನೇ ಸುಮ್ನೆ ದೊಡ್ಡದು ಮಾಡ್ತೀಯ.”

ವಾರಕ್ಕೆರಡು ದಿನ ಅವನನ್ನು ಹಗಲಿನ ಆರೈಕೆ ಮನೆಗೆ ಕಳಿಸಲು ವಿಮೆಯವರ ಹತ್ತಿರ ಸಹಾಯ ಕೇಳಿದ್ದೆ. ಕಳೆದ ತಿಂಗಳು ಅವನ ಮರೆವು ಎಷ್ಟೆಂದು ಪರೀಕ್ಷೆ ಮಾಡಲು ಅವರ ಕಡೆಯಿಂದ ಒಬ್ಬಳು ಬಂದಳು, ಚಿಕ್ಕ ವಯಸ್ಸಿನವಳು. ಇವನು ಎದ್ದು ನಿಂತು ಕೈಕುಲುಕಿದ. “ಹೇಗಿದ್ದೀರಿ?” “ಚೆನ್ನಾಗಿದ್ದೀನಿ, ತಾವು? ಮಳೆ ಬರೋ ಹಾಗಿದೆ, ಕೊಡೆ ತಂದಿದ್ದೀರಿ ತಾನೆ?” ಇದು ಯಾವ ತಿಂಗಳೆಂದು ಕೇಳಿದಳು. “ನಿಮ್ಮಂಥವರು ಬಂದ ಮೇಲೆ ಯಾವ ತಿಂಗಳಾದ್ರೂ ವಸಂತಾನೇ ಬಿಡಿ!” ಅವಳು ನಕ್ಕಳು. ಹೇಗೆ ನಕ್ಕಳು ಅಂತೀಯ! ನಾನು ಬೂಟಿನ ಕತೆ, ಸೇತುವೆಯ ಕತೆ ಹೇಳಿದೆ. ಗಂಡನ ಎದುರೇ ಅವನ ಮೇಲೆ ಚಾಡಿ ಹೇಳುವ ಹೆಂಡತಿಯ ಹಾಗೆ ಕಂಡಿರಬೇಕು. ಹೊರಡುವಾಗ, “ನೀವೂ ಸ್ವಲ್ಪ ವಿಶ್ರಾಂತಿ ತಗೊಳ್ಳಿ” ಅಂದಳು.

ಬಾಗಿಲು ಹಾಕಿಕೊಂಡೆ. ಇವನು ಕಿಟಕಿಯಿಂದ ನೋಡುತ್ತಾ ಅಂದ: “ಆ ಹುಡುಗಿ ಪೇಪರಿನ ದುಡ್ಡು ಕೊಡದೇ ಹೋಗ್ಬಿಟ್ಳಲ್ಲ!”

ಸಹಾಯ ಇಲ್ಲವೆಂದು ಮೊನ್ನೆ ತಿಳಿಸಿದ್ದಾರೆ. ಮತ್ತೆ ಕೇಳಬಹುದಂತೆ. ಮತ್ತೆ ಯಾರೋ ಬರುತ್ತಾರೆ, ಹೇಗಿದ್ದೀರಿ ಎನ್ನುತ್ತಾರೆ.

ನಿನ್ನ ಮೊಮ್ಮಗಳಿಗೆ ಹಲ್ಲು ಬಂತೆಂದು ಓದಿ ಸಂತೋಷವಾಯಿತು. ಅವಳು ನೂರು ಕಾಲ ನಗುತ್ತಿರಲಿ. ನಿನ್ನ ಮಂಡಿನೋವು ಚಳಿಗೆ ಮುಂಚೆ ಇಳಿಯಲಿ.

ನಿನ್ನ
ಹಾನೆಲೋರೆ

ಮರೆತಿದ್ದೆ: ಇವತ್ತು ಬೆಳಿಗ್ಗೆ ಕಾಫಿ ಹಿಡಿದು ಅವನ ಹಾಸಿಗೆಯ ಬಳಿ ಹೋದೆ. ಥಟ್ಟನೆ ಎದ್ದು ಕೂತ, ಕೂದಲು ಸರಿಮಾಡಿಕೊಂಡ. “ಗೂಟನ್ ಮೊರ್ಗನ್, ಮೇಡಂ. ತಾವು ಹೇಗಿದ್ದೀರಿ?” ಅಂದ. ನಲವತ್ತಾರು ವರ್ಷ ನನ್ನನ್ನು ನೀನು ಎಂದವನು. ಕಣ್ಣಲ್ಲಿ ಎಷ್ಟೊಂದು ಮರ್ಯಾದೆ ಇತ್ತು, ರೋಸ್ವಿತಾ! ಪರಿಚಯವಿಲ್ಲದವರ ಹತ್ತಿರ ಇನ್ನೇನು ಹೇಳುವುದು? “ಚೆನ್ನಾಗಿದ್ದೀನಿ, ತಾವು?” ಅಂದೆ.