ನೋಡಾಕ ಬಂದವನ ಅಳತಿ ಟೇಪು

೧೪ ಫೆಬ್ರುವರಿ ೧೯೯೯, ರವಿವಾರ. ಸುರಪುರ.

ನಿನ್ನೆ, ಇವತ್ತು ಹಳೇ ವಾಡೆದ ದೊಡ್ಡ ಮನಿ ನೋಡಾಕ ಎಲ್ಲಾರಿಗೂ ಪುಕ್ಕಟೆ ತೆರೆದಿತ್ತು. ಅದರ ಹೊರ ಅಂಗಳದಾಗಿನ ನಮ್ಮ ಬಾಡಿಗಿ ಖೋಲಿನೂ ಜನ ಇಣುಕಿ ನೋಡಿದ್ರು. ನೋಡ್ಲಿ. ಆದ್ರ ನೋಡಾಕ ಬಂದವಗ ಅಳತಿ ಟೇಪ್ ಯಾಕ ಬೇಕು?

ಇವತ್ತು ಬಂದವ್ರಾಗ ಒಬ್ಬ ನಮ್ಮ ಖೋಲಿ ಅಳದು ಅಳದು ವಹಿಯಾಗ ಬರಕೊಳ್ಳಾಕತ್ತಿದ್ದ; ಅತ್ತಿ ಪಾರ್ವತೆಮ್ಮ ಖುಷಿಲೇ ಅವನ ಟೇಪಿನ ತುದಿ ಹಿಡ್ಕೊಂಡು ನಿಂತಿದ್ರು.

"ಯಾಕ್ರೀ ಅಳೆಯಾಕತ್ತೀರಿ?" ಅಂದೆ.

"ಸುಮ್ನ, ದಾಖಲಿಗ್ರಿ ಅಕ್ಕಾ," ಅಂದ.

ಸುಮ್ನ ಯಾರೂ ಬರಕೊಳ್ಳೂದಿಲ್ಲ. ಅತ್ತಿ ಕೈಯಾಗಿನ ತುದಿ ಕಸ್ಕೊಂಡು ಬಿಟ್ಟುಬಿಟ್ಟೆ. ಸರ್ರಂತ ಅವನ ಕೈಗೆ ಹೋತು.

"ಮನಿಗೆ ಬಂದವ್ರಿಗೆ ಹಿಂಗ ಮಾಡ್ತಾರೇನ?" ಅಂತ ಅತ್ತಿ ಸಿಟ್ಟಾಗಿ ಉಣ್ಣದ ಮಲಗ್ಯಾರ. ನಂದ ತಪ್ಪಿದ್ರ ಅವರ ಕಾಲಿಗೆ ಬೀಳ್ತೀನಿ. ಆದ್ರ ಹೋಗುವಾಗ ಅವ ಅತ್ತಿಗೆ ಎಷ್ಟು ಮೆತ್ತಗ ಕೇಳಿದ: "ಇದು ಬಿಟ್ರ ನಿಮಗ ಬ್ಯಾರೆ ಮನಿ ಅದ ಏನ್ರಿ, ಅಮ್ಮಾ?"